ಕೈ ತೊಳೆಯುವ ಆತುರ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 36. ತುಮಕೂರು ಕಡೆಯವರು, ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ. ಎದೆಯುರಿ, ಹೊಟ್ಟೆ ಉಬ್ಬರ ಅಂತ ಎಂಡೋಸ್ಕೋಪಿ ಮಾಡಿಸಿದರು. ತೊಂದರೆ ಏನೂ ಕಾಣಲಿಲ್ಲ. ಡಾಕ್ಟರು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕಳಿಸಿದರು. ಜೊತೆಗೆ ಬಂದಿದ್ದ ಹೆಂಡತಿಯ ದೂರು ಬೇರೆಯೇ: "ನಾನು ಬಡಿಸ್ಕೊಂಡು ಕೂರೋ ಹೊತ್ತಿಗೆ ಇವರು ಕೈ ತೊಳೆದಿರ್ತಾರೆ, ಮೇಡಂ."

ಹೇಗೆ ತಿನ್ನುತ್ತೀರಿ, ತೋರಿಸಿ ಎಂದೆ. ನಗುತ್ತಲೇ ತೋರಿಸಿದರು. ಎಡಗೈಯಲ್ಲಿ ಫೋನ್. ಬಾಯಲ್ಲಿ ತುತ್ತು ಇರುವಾಗಲೇ ಬಲಗೈ ಮುಂದಿನ ತುತ್ತು ಕಲಸಿ, ಉಂಡೆ ಮಾಡಿ, ಕಾಯುತ್ತಿರುತ್ತದೆ.

ಫೋನಿನದ್ದೇ ತಪ್ಪು ಅನ್ನೋದು ಸುಲಭ. ಆದರೆ ಈ ಅಭ್ಯಾಸ ಫೋನಿಗಿಂತ ಹಳೆಯದು. ಐದನೇ ಕ್ಲಾಸಿನಿಂದ ಹಾಸ್ಟೆಲ್ ಊಟ. ಎರಡನೇ ಸಲ ಅನ್ನ ಬರುವಾಗ ಯಾರ ತಟ್ಟೆ ಖಾಲಿಯೋ ಅವರಿಗೆ ಮೊದಲು. "ನಿಧಾನ ತಿಂದ್ರೆ ಬಕೆಟ್ ತಳ ಕಾಣ್ತಿತ್ತು" ಎಂದರು. ಹೆಂಡತಿಗೆ ಇದು ಗೊತ್ತೇ ಇರಲಿಲ್ಲ.

ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಪೂರ್ತಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಇವರ ಊಟ ಅದಕ್ಕೆ ಮುಂಚೆಯೇ ಮುಗಿದಿರುತ್ತದೆ. ಅವಸರದಲ್ಲಿ ಗಾಳಿಯೂ ಒಳಗೆ ಹೋಗಿ ಹೊಟ್ಟೆ ಉಬ್ಬುತ್ತದೆ. ಇಂಥವರಿಗೆ ಒಂದೇ ಒಣದ್ರಾಕ್ಷಿಯನ್ನು ನಿಧಾನವಾಗಿ ತಿನ್ನಿಸುವ ಅಭ್ಯಾಸವಿದೆ. 1979ರಲ್ಲಿ ಅಮೆರಿಕದ ಜಾನ್ ಕಬಟ್ ಜಿನ್ ಶುರುಮಾಡಿದ 'ಮೈಂಡ್‌ಫುಲ್‌ನೆಸ್' (ಈ ಕ್ಷಣದ ಮೇಲೆ ಪೂರ್ತಿ ಗಮನ ಇಡುವ) ತರಬೇತಿಯಿಂದ ಅದು ಹೆಸರಾಯಿತು. ನಾನು ದ್ರಾಕ್ಷಿ ಕೊಡಲಿಲ್ಲ. ಹಸಿದು ಮನೆಗೆ ಬಂದವರಿಗೆ ದ್ರಾಕ್ಷಿ ಕೊಟ್ಟರೆ ಸಿಟ್ಟೇ ಬರುತ್ತದೆ, ಅಲ್ವಾ? "32 ಸಲ ಅಗಿಯಿರಿ" ಎಂದೂ ಹೇಳಲಿಲ್ಲ. ಇವರ ರಾತ್ರಿ ಊಟ ಮುದ್ದೆ. ಮುದ್ದೆ ನುಂಗುವವರಿಗೆ ಅಗಿಯೋ ಲೆಕ್ಕ ಯಾಕೆ?

ಹೇಳಿದ್ದು ಇಷ್ಟೇ. ಈ ಅಭ್ಯಾಸಕ್ಕೆ ಸದ್ಯ ರಾತ್ರಿಯ ಊಟವೊಂದೇ ಸಾಕು. ಅನ್ನ, ಸಾರು, ಮುದ್ದೆಯ ಪಾತ್ರೆಗಳನ್ನೆಲ್ಲ ಎದುರಿಗೇ ತಂದಿಟ್ಟು ಇಬ್ಬರೂ ಒಟ್ಟಿಗೆ ಕೂರಿ. ಇನ್ನೂ ಇದೆ ಅನ್ನೋದು ಕಣ್ಣಿಗೆ ಕಾಣಲಿ. ಬಾಯಲ್ಲಿ ತುತ್ತು ಇರುವಷ್ಟು ಹೊತ್ತು ಕೈ ತಟ್ಟೆ ಅಂಚಿನ ಮೇಲಿರಲಿ. ನುಂಗಿದ ಮೇಲೇ ಮುಂದಿನ ತುತ್ತು ಮುರಿಯಿರಿ. ಫೋನ್ ಬೇರೆ ಕೋಣೆಯಲ್ಲಿ. ಹೆಂಡತಿಗೂ ಒಂದು ಮಾತು: "ನಿಧಾನ, ನಿಧಾನ" ಅಂತ ಎಚ್ಚರಿಸಬೇಡಿ. ಅದೂ ಒಂದು ಅವಸರವೇ.

ಊಟದ ಬಗ್ಗೆ ವಿಪರೀತ ಭಯ, ತಿಂದ ಮೇಲೆ ಬೇಕಂತಲೇ ವಾಂತಿ ಮಾಡಿಕೊಳ್ಳೋದು ಇದ್ದರೆ ಇಷ್ಟು ಸಾಲದು. ಮನೋವೈದ್ಯರನ್ನು ಕಾಣಲೇಬೇಕು. ಇವರಿಗೆ ಅದ್ಯಾವುದೂ ಇರಲಿಲ್ಲ.

ಮುಂದಿನ ಭೇಟಿಗೆ ಬಂದಾಗ ಉಬ್ಬರ ಕಡಿಮೆಯಾಗಿತ್ತು. ಎದೆಯುರಿ ಆಗಾಗ ಇದೆ, ಮಾತ್ರೆ ಮುಂದುವರಿದಿದೆ. ಸಾರಿಗೆ ಉಪ್ಪು ಜಾಸ್ತಿ ಅಂತ ಈಗ ಹೇಳುತ್ತಾರಂತೆ, ಹೆಂಡತಿಗೆ ಅದೊಂದು ಹೊಸ ತಲೆನೋವು. ಆಫೀಸಿನ ಡಬ್ಬಿ ಮಾತ್ರ ಹಳೇ ವೇಗದಲ್ಲೇ ಖಾಲಿಯಾಗುತ್ತಿದೆ. ಸದ್ಯಕ್ಕೆ ನಾನು ಅದರ ತಂಟೆಗೆ ಹೋಗಿಲ್ಲ.