240 ಸರ್ವರ್‌ಗಳ ಗ್ರಾಫಲ್ಲಿ ಅಲ್ಲಲ್ಲಿ ತೂತು ಬೀಳ್ತಿದೆ, ಎಲ್ಲಿಂದ ಹುಡುಕೋದು?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಇಷ್ಟು: ಎರಡು ಊರಲ್ಲಿ ಸೇರಿ 240 ಲಿನಕ್ಸ್ ಸರ್ವರ್, ಕ್ಯಾಕ್ಟೈ (ಸರ್ವರ್‌ಗಳ ಸ್ಥಿತಿನ ಗ್ರಾಫಾಗಿ ತೋರ್ಸೋ ಸಾಫ್ಟ್‌ವೇರ್) ಐದೈದು ನಿಮಿಷಕ್ಕೊಮ್ಮೆ ಎಸ್‌ಎನ್‌ಎಂಪಿ (ಮಷೀನಿನ ಸ್ಥಿತಿ ಕೇಳೋಕೆ ಇರೋ ನೆಟ್‌ವರ್ಕ್ ಭಾಷೆ) ಮೂಲಕ ಲೆಕ್ಕ ಕೇಳುತ್ತೆ, ಗ್ರಾಫಲ್ಲಿ ಅಲ್ಲಲ್ಲಿ ತೂತು, ಒಮ್ಮೊಮ್ಮೆ ಸಿಪಿಯು ಸೊನ್ನೆ, ಒಮ್ಮೊಮ್ಮೆ ಟ್ರಾಫಿಕ್ ಗೆರೆ ಆಕಾಶ ಮುಟ್ಟುತ್ತೆ, ನೀವು ತೂತು ಕಂಡ ಸರ್ವರ್‌ಗೆಲ್ಲ ಲಾಗಿನ್ ಆಗಿ ಏಜೆಂಟ್ (ಆ ಪ್ರಶ್ನೆಗಳಿಗೆ ಉತ್ತರ ಕೊಡೋ ಪ್ರೋಗ್ರಾಂ) ರೀಸ್ಟಾರ್ಟ್ ಮಾಡ್ಕೊಂಡು ಕೂತಿದ್ದೀರ. ಮೊದ್ಲು ಆ ರೀಸ್ಟಾರ್ಟ್ ನಿಲ್ಸಿ ಸರ್. ಏಜೆಂಟ್ ನಿಜವಾಗ್ಲೂ ಎಲ್ಲೋ ಸಿಕ್ಕಾಕ್ಕೊಂಡಿದ್ರೆ ಯಾಕೆ ಸಿಕ್ಕಾಕ್ಕೊಂಡಿತ್ತು ಅನ್ನೋ ಸುಳಿವೂ ಅದರ ಜೊತೆಗೇ ಹೋಗ್ಬಿಡುತ್ತೆ.

ತೂತು ಯಾವ ಆಕಾರದಲ್ಲಿದೆ ನೋಡಿ, ಅರ್ಧ ಉತ್ತರ ಅಲ್ಲೇ ಇರುತ್ತೆ. ಎಂಟ್ಹತ್ತು ಸರ್ವರ್‌ಗಳ ಗ್ರಾಫನ್ನ ಒಂದರ ಕೆಳಗೊಂದು, ಒಂದೇ ಟೈಮ್ ರೇಂಜಲ್ಲಿ ಇಟ್ಕೊಳಿ. ಎಲ್ಲದ್ರಲ್ಲೂ ಒಂದೇ ಹೊತ್ತಿಗೆ ತೂತಿದ್ರೆ ತಪ್ಪು ಕ್ಯಾಕ್ಟೈ ಓಡ್ತಿರೋ ಮಾನಿಟರಿಂಗ್ ಸರ್ವರಿಂದು, ಒಂದೇ ಊರಿನವಕ್ಕೆ ಮಾತ್ರ ಇದ್ರೆ ಮಧ್ಯದ ನೆಟ್‌ವರ್ಕ್, ಒಂದೇ ಮಷೀನಿಗೆ ಪದೇ ಪದೇ ಬೀಳ್ತಿದ್ರೆ ಆ ಮಷೀನಿನ ಏಜೆಂಟ್. ನನ್ನ ಅನುಭವದಲ್ಲಿ ಮೊದಲನೇದೇ ಜಾಸ್ತಿ, ಆದ್ರೆ ಜನ ಕೊನೆಗೆ ನೋಡೋದೂ ಅದನ್ನೇ.

ಮೊದ್ಲು ಮಾನಿಟರಿಂಗ್ ಸರ್ವರ್ ನೋಡೋಣ. ಪೋಲರ್ (ಕ್ಯಾಕ್ಟೈ ಒಳಗೆ ಸರ್ವರ್‌ಗಳನ್ನ ಕೇಳ್ತಾ ಹೋಗೋ ಭಾಗ) ಅನ್ನೋದು ಕರೆಂಟ್ ಮೀಟರ್ ರೀಡಿಂಗಿಗೆ ಬರೋ ಹುಡುಗ ಇದ್ದ ಹಾಗೆ, ಒಂದು ಮನೇಲಿ ಬಾಗಿಲು ತೆಗೀಲಿಲ್ಲ ಅಂದ್ರೆ ಅಲ್ಲೇ ಕಾಯ್ತಾ ನಿಲ್ತಾನೆ, ಬೀದಿ ಕೊನೇ ಮನೆಗಳಿಗೆ ಹೋಗೋಷ್ಟರಲ್ಲಿ ಡ್ಯೂಟಿ ಮುಗ್ದಿರುತ್ತೆ. ಲೆಕ್ಕ ಹಾಕಿ ನೋಡಿ: ಟೈಮ್‌ಔಟ್ (ಉತ್ತರಕ್ಕೆ ಕಾಯೋ ಹೊತ್ತು) 5 ಸೆಕೆಂಡ್, ರಿಟ್ರೈ (ಎಷ್ಟು ಸಲ ಮತ್ತೆ ಕೇಳ್ಬೇಕು ಅನ್ನೋದು) 3 ಅಂತ ಇಟ್ಟಿದ್ರೆ ಮೊದಲ ಪ್ರಯತ್ನಾನೂ ಸೇರಿ ಉತ್ತರ ಕೊಡದ ಒಂದು ಪ್ರಶ್ನೆಗೆ 20 ಸೆಕೆಂಡ್ ಹೋಯ್ತು, ಅಂಥವು 15 ಇದ್ದು ಒಂದಾದ್ಮೇಲೊಂದು ಕೇಳ್ತಾ ಹೋದ್ರೆ 300 ಸೆಕೆಂಡ್, ಅಂದ್ರೆ ನಿಮ್ಮ ಪೂರ್ತಿ ಐದು ನಿಮಿಷ ಮಟಾಶ್. ಕ್ಯಾಕ್ಟೈ ಲಾಗಲ್ಲಿ ಪ್ರತೀ ಸುತ್ತು ಮುಗಿದಾಗ 'ಸಿಸ್ಟಮ್ ಸ್ಟ್ಯಾಟ್ಸ್' ಅಂತ ಒಂದು ಸಾಲು ಬರುತ್ತೆ, ಅದರಲ್ಲಿ ಟೈಮ್ ಎಷ್ಟಿದೆ ನೋಡಿ. 60, 80 ಸೆಕೆಂಡ್ ಇದ್ರೆ ಆರಾಮ, 250 ದಾಟ್ತಿದ್ರೆ ಕಷ್ಟ, 298 ಸೆಕೆಂಡ್ ಮೀರಿತು ಅಂತ ಹೇಳಿ ಪೋಲರ್ ತಾನೇ ನಿಂತಿದ್ರೆ ಇನ್ನು ಬೇರೆ ಸಾಕ್ಷಿ ಬೇಕಾಗಿಲ್ಲ. ಇನ್ನೂ ಹಳೇ ಪಿಎಚ್‌ಪಿ ಪೋಲರಲ್ಲೇ ಇದ್ರೆ ಸ್ಪೈನ್ ಅನ್ನೋ ಇನ್ನೊಂದು ಪೋಲರ್‌ಗೆ ಹೋಗಿ, ಅದು ಸಿ ಭಾಷೇಲಿ ಬರ್ದಿರೋದು, ಥ್ರೆಡ್ (ಒಟ್ಟೊಟ್ಟಿಗೆ ಓಡೋ ಕೆಲ್ಸದ ಎಳೆಗಳು) ಇಟ್ಕೊಂಡು ಹತ್ತಾರು ಸರ್ವರ್‌ಗಳನ್ನ ಒಟ್ಟಿಗೆ ಕೇಳುತ್ತೆ. ಟೈಮ್‌ಔಟ್ ಒಂದು ಸೆಕೆಂಡ್, ರಿಟ್ರೈ ಒಂದಕ್ಕೆ ಇಳ್ಸಿ, ಡಿಕಮಿಷನ್ ಆಗಿರೋ, ಅಂದ್ರೆ ಬಳಕೆಯಿಂದ ತೆಗೆದಿರೋ ಮಷೀನ್‌ಗಳನ್ನ ಪಟ್ಟಿಯಿಂದ ತೆಗೀರಿ (ಪ್ರತೀ ಆಫೀಸಲ್ಲೂ ಇಂಥ ಹತ್ತು ದೆವ್ವ ಇದ್ದೇ ಇರ್ತವೆ).

ಅದೇ ಮಾನಿಟರಿಂಗ್ ಸರ್ವರ್ ಮೇಲೆ ಐಒಸ್ಟ್ಯಾಟ್ (ಡಿಸ್ಕ್ ಎಷ್ಟು ಬ್ಯುಸಿ ಅಂತ ತೋರ್ಸೋ ಕಮಾಂಡ್) ಕೂಡ ಓಡ್ಸಿ. ಆರ್‌ಆರ್‌ಡಿ (ಕ್ಯಾಕ್ಟೈ ಗ್ರಾಫಿನ ಡೇಟಾ ಕೂಡಿಡೋ ಡೇಟಾಬೇಸ್) ಅಂದ್ರೆ ಸಾವಿರಾರು ಚಿಕ್ಕ ಚಿಕ್ಕ ಫೈಲು, ಎಲ್ಲದಕ್ಕೂ ಐದು ನಿಮಿಷಕ್ಕೊಮ್ಮೆ ಚೂರು ಚೂರು ಬರಹ, ಹಳೇ ತಿರುಗೋ ಡಿಸ್ಕ್ ಇದಕ್ಕೇ ಸುಸ್ತಾಗುತ್ತೆ. ಡಿಸ್ಕ್ ಪೂರ್ತಿ ಬ್ಯುಸಿ ಅಂತ ಕಂಡ್ರೆ ಆರ್‌ಆರ್‌ಡಿ ಕ್ಯಾಶ್ ಡೀಮನ್ ಹಾಕಿ, ಅಪ್‌ಡೇಟ್‌ಗಳನ್ನ ಮೆಮೊರೀಲಿ ಕೂಡಿಟ್ಟು ಒಟ್ಟಿಗೆ ಬರೆಯುತ್ತೆ.

ಒಂದೇ ಮಷೀನಿನ ಕಾಯಿಲೆ ಆದ್ರೆ ಅಲ್ಲಿಗೆ ಹೋಗಿ ಡಿಎಫ್ (ಡಿಸ್ಕ್ ಜಾಗ ತೋರ್ಸೋ ಕಮಾಂಡ್) ಅಂತ ಹೊಡೀರಿ. ಅದು ಉತ್ತರ ಕೊಡ್ದೆ ಸುಮ್ನೆ ನಿಂತ್ರೆ ಕಳ್ಳ ಸಿಕ್ಕ, ಎಲ್ಲೋ ಸತ್ತ ಎನ್‌ಎಫ್‌ಎಸ್ ಮೌಂಟ್ (ನೆಟ್‌ವರ್ಕ್ ಮೂಲಕ ಜೋಡಿಸಿದ ಬೇರೆ ಮಷೀನಿನ ಡಿಸ್ಕ್) ಇದೆ, ಎಸ್‌ಎನ್‌ಎಂಪಿ ಏಜೆಂಟ್ ಡಿಸ್ಕ್ ಲೆಕ್ಕ ಹಾಕೋಕೆ ಹೋಗಿ ಅಲ್ಲೇ ಸಿಕ್ಕಾಕ್ಕೊಂಡಿದೆ, ಅದು ಒಂದು ಸಲಕ್ಕೆ ಒಂದೇ ಕೆಲ್ಸ ಮಾಡೋ ಆಸಾಮಿ, ಹಾಗಾಗಿ ಸಿಪಿಯು ಕೇಳಿದ್ರೂ ಮೆಮೊರಿ ಕೇಳಿದ್ರೂ ಮಾತಿಲ್ಲ.

ಒಂದು ಊರಿಗೆ ಮಾತ್ರ ಅಂದ್ರೆ ನೆಟ್‌ವರ್ಕ್ ಟೀಮಿನವರು 'ಪಿಂಗ್ ಚೆನ್ನಾಗಿ ಬರ್ತಿದೆಯಲ್ಲ' ಅಂತಾರೆ, ಒಪ್ಕೋಬೇಡಿ. ಪಿಂಗ್ ಪ್ಯಾಕೆಟ್ ಚಿಕ್ಕದು, ಎಸ್‌ಎನ್‌ಎಂಪಿ ಬಲ್ಕ್ ಉತ್ತರ ದೊಡ್ಡದು, ವಿಪಿಎನ್ ಒಳಗೆ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ) ಕಮ್ಮಿ ಇದ್ದು ಮಧ್ಯದ ಫೈರ್‌ವಾಲ್ ತುಂಡಾದ ಪ್ಯಾಕೆಟ್‌ಗಳನ್ನ ಬಿಸಾಕ್ತಿದ್ರೆ ದೊಡ್ಡ ಉತ್ತರ ಮಾತ್ರ ಮಾಯ ಆಗುತ್ತೆ, ಯುಡಿಪಿ (ತಲುಪಿತಾ ಅಂತ ನೋಡದೆ ಕಳ್ಸಿಬಿಡೋ ವಿಧಾನ) ಆದ್ರಿಂದ ನೆಟ್‌ವರ್ಕ್ ತಾನಾಗೇ ಮತ್ತೆ ಕಳ್ಸಲ್ಲ, ಪೋಲರ್ ರಿಟ್ರೈ ಮಾಡಿದ್ರೂ ಉತ್ತರಕ್ಕೆ ಅದೇ ಗತಿ. 1472 ಬೈಟ್ ಸೈಜ್ ಕೊಟ್ಟು, ತುಂಡು ಮಾಡ್ಬೇಡ ಅನ್ನೋ ಆಪ್ಶನ್ ಹಾಕಿ ಪಿಂಗ್ ಮಾಡಿ, ದೊಡ್ಡ ಪ್ಯಾಕೆಟ್ ಹೋಗ್ತಿಲ್ಲ ಅನ್ನೋದನ್ನ ತೋರ್ಸಿ. ಆಮೇಲೆ ಎರಡೂ ತುದೀಲಿ ಟಿಸಿಪಿಡಂಪ್ (ಓಡಾಡೋ ಪ್ಯಾಕೆಟ್‌ಗಳನ್ನ ತೋರ್ಸೋ ಕಮಾಂಡ್) ಹಾಕಿ ಎಸ್‌ಎನ್‌ಎಂಪಿಯ 161ನೇ ಪೋರ್ಟ್ ನೋಡಿದ್ರೆ, ಉತ್ತರ ಅಲ್ಲಿಂದ ಹೊರಟು ಇಲ್ಲಿಗೆ ಬರ್ಲಿಲ್ಲ ಅನ್ನೋದು ಕಣ್ಣಿಗೇ ಕಾಣುತ್ತೆ, ವಾದ ಮಾಡೋ ಹಾಗಿಲ್ಲ.

ಇನ್ನು ಸೊನ್ನೆ. ತೂತಿಗಿಂತ ಸೊನ್ನೆ ಅಪಾಯ, ಯಾಕಂದ್ರೆ ತೂತು ಕಂಡ್ರೆ ಡೇಟಾ ಬಂದಿಲ್ಲ ಅಂತಾದ್ರೂ ಗೊತ್ತಾಗುತ್ತೆ, ಸೊನ್ನೆ ನೋಡಿದ್ರೆ ಸರ್ವರ್ ಖಾಲಿ ಕೂತಿದೆ ಅನ್ಕೋತಾರೆ. ನಿಮ್ಮಲ್ಲಿ ಯಾರೋ ಬರೆದ ಸ್ಕ್ರಿಪ್ಟ್ ಕನೆಕ್ಷನ್ ಫೇಲ್ ಆದಾಗ ಸೊನ್ನೆ ವಾಪಸ್ ಕೊಡ್ತಿರ್ಬೇಕು, ಅಲ್ಲಿ ಸೊನ್ನೆ ಬದ್ಲು ಕ್ಯಾಪಿಟಲ್ 'ಯು' ಕೊಡ್ಸಿ, ಆರ್‌ಆರ್‌ಡಿ ಅದನ್ನ ಗೊತ್ತಿಲ್ಲ ಅಂತ ಬರ್ಕೊಳ್ಳುತ್ತೆ.

ಆಕಾಶ ಮುಟ್ಟೋ ಗೆರೆಗೆ ಸಾಮಾನ್ಯವಾಗಿ ರೀಬೂಟ್ ಕಾರಣ. ಕೌಂಟರ್ (ಎಷ್ಟು ಟ್ರಾಫಿಕ್ ಹೋಯ್ತು ಅಂತ ಏರ್ತಾನೇ ಹೋಗೋ ಎಣಿಕೆ) ಸೊನ್ನೆಗೆ ವಾಪಸ್ ಬಂದಾಗ ಆರ್‌ಆರ್‌ಡಿ ಅದು ತುಂಬಿ ಸುತ್ತು ಹೊಡೀತು ಅನ್ಕೊಂಡು ಭಾರೀ ನಂಬರ್ ಹಾಕುತ್ತೆ, ಕ್ಯಾಕ್ಟೈಲಿ ಆ ಡೇಟಾ ಸೋರ್ಸಿನ ಟೈಪನ್ನ 'ಡಿರೈವ್' ಮಾಡಿ ಮಿನಿಮಮ್ ಸೊನ್ನೆ ಇಟ್ರೆ ನಿಲ್ಲುತ್ತೆ. ಹಾಗೇ 32 ಬಿಟ್ ಕೌಂಟರ್ ಬಳಸ್ತಿದ್ದೀರಾ ನೋಡಿ, 1 ಗಿಗಾಬಿಟ್ ಲಿಂಕ್ ತುಂಬಿ ಹರಿದ್ರೆ ಅದು 34 ಸೆಕೆಂಡಿಗೇ ಸುತ್ತು ಹೊಡೆಯುತ್ತೆ, ಐದು ನಿಮಿಷಕ್ಕೊಮ್ಮೆ ನೋಡೋರಿಗೆ ಎಷ್ಟು ಸುತ್ತಾಯ್ತು ಅಂತ ಗೊತ್ತಾಗೋದೇ ಇಲ್ಲ, ಗ್ರಾಫ್ ಕಮ್ಮಿ ತೋರ್ಸುತ್ತೆ. ಎಸ್‌ಎನ್‌ಎಂಪಿ ವರ್ಷನ್ 2ಸಿ ಹಾಕಿ 64 ಬಿಟ್ ಕೌಂಟರ್ ತಗೊಳಿ.

ನಿಮ್ಮ ಜೊತೆ ಕೆಲ್ಸ ಮಾಡೋರು ಪ್ರೊಮಿಥಿಯಸ್ (ಇನ್ನೊಂದು ಮಾನಿಟರಿಂಗ್ ಸಾಫ್ಟ್‌ವೇರ್) ಹಾಕೋಣ ಅಂತಿದಾರೆ ಅಂದ್ರಿ. ಹಾಕಿ, ಒಳ್ಳೇದೇ, ಉತ್ತರ ಬಂತೋ ಇಲ್ವೋ ಅನ್ನೋದನ್ನೇ ಅದು 'ಅಪ್' ಅನ್ನೋ ಬೇರೆ ಮೆಟ್ರಿಕ್ಕಾಗಿ ಇಡುತ್ತೆ, ಅದು ನಂಗೂ ಇಷ್ಟ. ಆದ್ರೆ ಪ್ಯಾಕೆಟ್ ನುಂಗೋ ಫೈರ್‌ವಾಲ್ ಮತ್ತೆ ಸತ್ತ ಮೌಂಟ್ ಅಲ್ಲೂ ನಿಮ್ಮನ್ನ ಕಾಯ್ತಾ ಇರ್ತವೆ, ಅವನ್ನ ಈಗ್ಲೇ ಮುಗ್ಸಿ. ಆ ಸಿಸ್ಟಮ್ ಸ್ಟ್ಯಾಟ್ಸ್ ಸಾಲುಗಳನ್ನ, ಹಗಲಿಂದೊಂದು ರಾತ್ರಿ ಬ್ಯಾಕಪ್ ಟೈಮಿಂದೊಂದು, ಐಪಿ ಅಳಿಸಿ ಇಲ್ಲೇ ಹಾಕಿ, ಥ್ರೆಡ್ ಎಷ್ಟು ಇಡ್ಬೇಕು ಅಂತ ಅದನ್ನ ನೋಡ್ಕೊಂಡು ಹೇಳ್ತೀನಿ.