ಎರಡು ಮುಳ್ಳೂ ಒಟ್ಟಿಗೆ ಏರಿದರೆ ಮೀಟರ್ ಕೆಟ್ಟಿಲ್ಲ

ಟ್ರಯಂಫ್ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು ಸ್ಪಿಟ್‌ಫೈರ್ ಮಾರ್ಕ್ 3ರಲ್ಲಿ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಜಾಸ್ತಿ ತೋರಿಸುತ್ತಿವೆ, ಹೊಸ ಮೀಟರ್ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಯಾವುದನ್ನೂ ತಗೋಬೇಡಿ. ನಿಮ್ಮ ಮೀಟರುಗಳು ಬಹುಶಃ ಚೆನ್ನಾಗಿಯೇ ಇವೆ.

ನನ್ನದೂ ಅದೇ ಕಾರು. ಮನೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಟ್ರಯಂಫ್ ಕಾರುಗಳು ತಯಾರಾಗುತ್ತಿದ್ದ ಕ್ಯಾನ್ಲಿ ಇಲ್ಲೇ ಇದೆ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದಿತ್ತು. ಸ್ಪಿಟ್‌ಫೈರಿನ ಚಾಸಿ ಮೂಲದಲ್ಲಿ ಹೆರಾಲ್ಡ್‌ನದೇ ಅಂತ ಗೊತ್ತಾದ ಮೇಲೆ ಮನಸ್ಸು ತಡೆಯಲಿಲ್ಲ, ಕೊಂಡುಬಿಟ್ಟೆ.

ಚಳಿಗಾಲ ಪೂರ್ತಿ ಬಿಚ್ಚಿ, ಉಜ್ಜಿ, ಬಣ್ಣ ಹೊಡೆದೆ. ಬೇಸಿಗೆಯಲ್ಲಿ ಹೊರಗೆ ತೆಗೆದರೆ ಟ್ರಾಫಿಕ್‌ನಲ್ಲಿ ನಿಂತ ಕೂಡಲೇ ಟೆಂಪರೇಚರ್ ಮುಳ್ಳು ಸೀದಾ ಕೊನೆಗೆ. ಎಂಜಿನ್ ಕಾಯುತ್ತಿದೆ ಅಂತಲೇ ಅಂದುಕೊಂಡೆ. ರೇಡಿಯೇಟರ್ ಮಾಡಿಸಿದೆ. ಥರ್ಮೋಸ್ಟಾಟ್, ವಾಟರ್ ಪಂಪ್ ಬದಲಾಯಿಸಿದೆ. ಆಮೇಲೆ ಒಂದು ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ ಅಂದರು, ಅದನ್ನೂ ಹಾಕಿಸಿದೆ. ಮುಳ್ಳು ಮಾತ್ರ ಜಗ್ಗಲಿಲ್ಲ. ಅಷ್ಟರಲ್ಲಿ ಎಂ40 ರಸ್ತೆಯಲ್ಲಿ ಗಾಡಿ ಕೆಮ್ಮಿ ನಿಂತಿತು. ಟ್ಯಾಂಕ್ ಖಾಲಿ, ಪೆಟ್ರೋಲ್ ಮುಳ್ಳು ಇನ್ನೂ ಕಾಲು ಟ್ಯಾಂಕ್ ಹತ್ತಿರ! ಬದಿಯಲ್ಲಿ ನಿಂತು ಕಾಯುವಾಗ ಹೊಳೆಯಿತು. ಒಂದೇ ಮುಳ್ಳು ಸುಳ್ಳು ಹೇಳಿದರೆ ಆ ಮೀಟರನ್ನೋ ಅದರ ಸೆಂಡರನ್ನೋ (ಟ್ಯಾಂಕ್‌ನಲ್ಲೋ ಎಂಜಿನ್‌ನಲ್ಲೋ ಕೂತು ಮೀಟರಿಗೆ ಅಳತೆ ಕಳಿಸುವ ಭಾಗ) ಅನುಮಾನಿಸಬೇಕು. ಎರಡೂ ಸೇರಿ ಒಂದೇ ಸುಳ್ಳು ಹೇಳಿದರೆ, ಎರಡಕ್ಕೂ ಕರೆಂಟ್ ಎಲ್ಲಿಂದ ಬರುತ್ತಿದೆ ನೋಡಬೇಕು.

ಕರೆಂಟ್ ಬರುವುದು ಡ್ಯಾಶ್‌ಬೋರ್ಡ್ ಹಿಂದಿನ ಒಂದು ಪುಟ್ಟ ತಗಡಿನ ಡಬ್ಬಿಯಿಂದ, ಅದೇ ವೋಲ್ಟೇಜ್ ಸ್ಟೆಬಿಲೈಸರ್. ಎಂಜಿನ್ ಓಡುವಾಗ ಕಾರಿನಲ್ಲಿ 14 ವೋಲ್ಟ್ ಹತ್ತಿರ ಇರುತ್ತದೆ, ಈ ಮೀಟರುಗಳಿಗೆ ಬೇಕಾದ್ದು 10. ಡಬ್ಬಿಯೊಳಗೆ ಎರಡು ಲೋಹ ಅಂಟಿಸಿದ ಪಟ್ಟಿ, ಅದಕ್ಕೆ ಸುತ್ತಿದ ತಂತಿ. ತಂತಿ ಕಾದರೆ ಪಟ್ಟಿ ಬಾಗಿ ಕರೆಂಟ್ ಕಡಿಯುತ್ತದೆ, ಆರಿದರೆ ಮತ್ತೆ ಕೂಡುತ್ತದೆ. ಹೀಗೆ ಬಿಟ್ಟು ಬಿಟ್ಟು ಕೊಟ್ಟು ಸರಾಸರಿ 10 ವೋಲ್ಟ್ ಮಾಡುತ್ತದೆ. ಮೀಟರಿನ ಮುಳ್ಳೂ ಬಿಸಿಯಿಂದಲೇ ನಿಧಾನಕ್ಕೆ ಏರುವಂಥದ್ದು, ಹಾಗಾಗಿ ಕುಣಿಯುವುದಿಲ್ಲ.

ಆ ತಂತಿ ಕಾಯಬೇಕಾದರೆ ಡಬ್ಬಿಗೆ ಅರ್ಥ್ ಬೇಕು, ಅಂದರೆ ಕಾರಿನ ಮೈ ಮೂಲಕ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಅರ್ಥ್‌ಗೆ ಬೇರೆ ವೈರ್ ಇಲ್ಲ. ಡಬ್ಬಿಯ ಮೈಯೇ ಅರ್ಥ್, ಅದನ್ನು ಹಿಡಿದಿರುವ ಸ್ಕ್ರೂ ಮೂಲಕ. ನಾನೇನು ಮಾಡಿದ್ದೆ ಗೊತ್ತಾ? ಅದು ಕೂರುವ ಜಾಗವನ್ನು ಚೆಂದ ಕಾಣಲಿ ಅಂತ ಉಜ್ಜಿ, ಪ್ರೈಮರ್ ಹೊಡೆದು, ಮೇಲೆ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದೆ. ಯಾರೂ ನೋಡದ ಜಾಗ ಅದು! ಸ್ಕ್ರೂ ತೂತಿನೊಳಗೂ ಬಣ್ಣ ಇಳಿದಿತ್ತು. ಸ್ಕ್ರೂ ಬಿಗಿಯಾಗಿಯೇ ಕೂತಿತ್ತು, ಕೈಯಲ್ಲಿ ಅಲ್ಲಾಡಿಸಿದರೆ ಏನೂ ತಪ್ಪು ಕಾಣುತ್ತಿರಲಿಲ್ಲ. ಆದರೆ ಲೋಹಕ್ಕೆ ಲೋಹ ತಾಗುತ್ತಿರಲಿಲ್ಲ. ಅರ್ಥ್ ಇಲ್ಲ, ತಂತಿ ಕಾಯಲಿಲ್ಲ, ಪಟ್ಟಿ ಬಾಗಲಿಲ್ಲ, ಪೂರಾ 14 ವೋಲ್ಟ್ ಎರಡೂ ಮೀಟರಿಗೆ. ಎಮರಿ ಪೇಪರ್‌ನಲ್ಲಿ ಬೆರಳಗಲ ಜಾಗ ಉಜ್ಜಿದೆ, ಅಷ್ಟೇ. ಅಷ್ಟು ದುಡ್ಡು ಸುರಿದ ಎಂಜಿನ್‌ಗೆ ಯಾವ ಕಾಯಿಲೆಯೂ ಇರಲಿಲ್ಲ. ಥರ್ಮೋಸ್ಟಾಟ್ ಹತ್ತಿರ ಒಂದು ಥರ್ಮಾಮೀಟರ್ ಹಿಡಿದಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು.

ನೀವು ಡ್ಯಾಶ್ ಹಿಂದೆ ಕೈ ಹಾಕುವ ಮೊದಲು ಬ್ಯಾಟರಿ ಕಳಚಿ. ಸ್ಟೆಬಿಲೈಸರ್‌ಗೆ ಬರುವುದು ಹಸಿರು ವೈರ್, ಹೊರಡುವುದು ತಿಳಿ ಹಸಿರು ಬೆರೆತದ್ದು. ಬ್ಯಾಟರಿ ಮತ್ತೆ ಹಾಕಿ, ಇಗ್ನಿಷನ್ ಆನ್ ಮಾಡಿ, ಹೊರಡುವ ಕಡೆ ಟೆಸ್ಟ್ ಬಲ್ಬ್ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಮಿನುಗಲು ಶುರುವಾದರೆ ಡಬ್ಬಿ ಕೆಲಸ ಮಾಡುತ್ತಿದೆ. ಸುಮ್ನೆ ಉರಿಯುತ್ತಲೇ ಇದ್ದರೆ ಅರ್ಥ್ ನೋಡಿ, ಅದು ಸರಿಯಿದ್ದರೆ ಡಬ್ಬಿ ಬದಲಾಯಿಸಿ. ಬಲ್ಬ್ ಹತ್ತದೇ ಇದ್ದರೆ ಮುಳ್ಳುಗಳು ಏಳುವುದೇ ಇಲ್ಲ, ಅದು ನಿಮ್ಮ ಕಥೆಯಲ್ಲ. ಮೀಟರಿಗೆ ನೇರವಾಗಿ ಬ್ಯಾಟರಿ ಕೊಟ್ಟು ಪರೀಕ್ಷೆ ಮಾಡಬೇಡಿ ಮಾತ್ರ, ಒಳಗಿನ ಸುರುಳಿ ಸುಟ್ಟರೆ ಆಗ ನಿಜವಾಗಿಯೂ ಹೊಸ ಮೀಟರ್ ಬೇಕಾಗುತ್ತದೆ.

ಡಬ್ಬಿ ಬದಲಾಯಿಸುವುದಾದರೆ ಈಗಿನ ಎಲೆಕ್ಟ್ರಾನಿಕ್ ಡಬ್ಬಿಯೇ ಒಳ್ಳೆಯದು ಅನ್ನುತ್ತೇನೆ. ಹಳೆಯದೇ ಬೇಕು ಅನ್ನುವವರ ಹಟ ನನಗೆ ಅರ್ಥವಾಗುವುದಿಲ್ಲ, ಹೇಗೂ ಕಾಣದ ಜಾಗ ಅಲ್ವಾ. ಆದರೆ ಅದಕ್ಕೆ ಪ್ಲಸ್, ಮೈನಸ್ ಅದಲುಬದಲಾದರೆ ಆಗುವುದಿಲ್ಲ. ಮಾರ್ಕ್ 3 ನೆಗೆಟಿವ್ ಅರ್ಥ್, ಅಂದರೆ ಬ್ಯಾಟರಿಯ ಮೈನಸ್ ತುದಿ ಕಾರಿನ ಮೈಗೆ; ಅದಕ್ಕೂ ಹಿಂದಿನವು ಪಾಸಿಟಿವ್. ಹಿಂದಿನ ಯಜಮಾನರು ಏನೇನು ತಿರುಗಿಸಿದ್ದಾರೋ, ಆರ್ಡರ್ ಮಾಡುವ ಮೊದಲು ಬ್ಯಾಟರಿಯ ಯಾವ ತುದಿ ಕಾರಿನ ಮೈಗೆ ಹೋಗಿದೆ ಅಂತ ಒಮ್ಮೆ ನೋಡಿಕೊಳ್ಳಿ.