ಹಳೇ ಪೆಟ್ಟಿಗೆ, ಟ್ರಂಕು, ತೊಟ್ಟಿಲಿಗೆ ಬಣ್ಣ ಹಚ್ಚಬಹುದಾ? ಯಾವ ಪೇಂಟ್ ತರಬೇಕು?

ನೀವು ಕೇಳಿದ್ದು ಇಷ್ಟು: ಬದಿಯಡ್ಕ ಕಡೆಯ ಅಜ್ಜನ ಮನೆಯ ಅಟ್ಟದಲ್ಲಿ ಒಂದು ಮರದ ಪೆಟ್ಟಿಗೆ, ಒಂದು ಕಬ್ಬಿಣದ ಟ್ರಂಕು, ತೊಟ್ಟಿಲು, ಒಂದಷ್ಟು ಹೆಂಚು ಸಿಕ್ಕಿವೆ. ಜಗಲಿಯಲ್ಲಿ ಬಣ್ಣಗೆಟ್ಟ ಪ್ಲಾಸ್ಟಿಕ್ ಕುರ್ಚಿಗಳೂ ಇವೆ. ವಿಡಿಯೋದಲ್ಲಿ ನೋಡಿದ ಹಾಗೆ ಎಲ್ಲದಕ್ಕೂ ಬಿಳಿ ಬಣ್ಣ ಹಚ್ಚಿ ಹೊಸದು ಮಾಡಬೇಕು. ರಜೆ ಇರುವುದು ಜೂನ್‌ನಲ್ಲಿ.

ಟ್ರಂಕಿಗೆ ಧಾರಾಳವಾಗಿ ಹಚ್ಚಿ. ಪೆಟ್ಟಿಗೆಗೆ ಬೇಡ. ತೊಟ್ಟಿಲು ಮುಟ್ಟುವ ಮೊದಲು ಕೆಳಗೆ ಬರೆದದ್ದನ್ನು ಓದಿ. ಜೂನ್‌ನಲ್ಲಂತೂ ಯಾವುದೂ ಬೇಡ.

ನಾನು ಪೇಂಟರ್ ಅಲ್ಲ. ಪೆರ್ಲದ ಹತ್ತಿರ ನಮ್ಮ ಮನೆ. ನಮ್ಮದೂ ನೆಂಟರದ್ದೂ ಹಳೇ ಸಾಮಾನು ಉಜ್ಜಿ ಸರಿಮಾಡುವ ಹುಚ್ಚು ಒಂದಿದೆ, ಅಷ್ಟೇ.

ಮೊದಲು ಜೂನ್ ವಿಷಯ. ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ದಿನ) ಕಳೆದ ಮೇಲೆ ಪೇಂಟ್ ಡಬ್ಬದ ಮುಚ್ಚಳ ತೆಗೆಯಬಾರದು ಅನ್ನುವುದು ನನ್ನ ಲೆಕ್ಕ. ಯಕ್ಷಗಾನ ಆಟ, ಭೂತಕೋಲದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ನಾವೂ ಬ್ರಷ್ ತೊಳೆದು ಇಡಬೇಕು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆಯಿಲ್ ಪೇಂಟ್, ಅಂದರೆ ಎನಾಮಲ್, ಒಣಗುವುದು ಎರಡು ಹಂತದಲ್ಲಿ. ಮೊದಲು ಟರ್ಪೆಂಟೈನ್ ಆರಿಹೋಗುತ್ತದೆ, ಆಮೇಲೆ ಗಾಳಿಯ ಆಮ್ಲಜನಕ ಹಿಡಿದುಕೊಂಡು ಗಟ್ಟಿಯಾಗುತ್ತದೆ. ಥಂಡಿ ಹವೆಯಲ್ಲಿ ಎರಡೂ ನಿಧಾನ. ಮುಟ್ಟಿದರೆ ಒಣಗಿದ ಹಾಗೆ, ಉಗುರು ಒತ್ತಿದರೆ ಒಳಗೆ ಹಸಿ. ಮೇಲಿಂದ ಪಸೆ ಕೂತು ಹೊಳಪು ಮಬ್ಬಾಗುವುದು ಬೇರೆ.

ಒಳ್ಳೆಯ ಕಾಲ ಅಂದರೆ ಧನು, ಮಕರ, ಕುಂಭ ತಿಂಗಳು (ಡಿಸೆಂಬರ್ ನಡುವಿನಿಂದ ಮಾರ್ಚ್ ನಡುವಿನ ತನಕ). ತೊಂದರೆ ಏನೆಂದರೆ ಆಗ ಅಂಗಳ ಪೂರ್ತಿ ಅಡಿಕೆಯದ್ದು. ಮನೆಯಲ್ಲಿ ಅಡಿಕೆ ಸುಲಿಯುವ ದಿನ ಪೇಂಟ್ ಮಾಡಲು ಹೋಗಬೇಡಿ, ಸಿಪ್ಪೆಯ ಪುಡಿ ಎಲ್ಲ ಹಸಿ ಬಣ್ಣದ ಮೇಲೆ ಬಂದು ಕೂರುತ್ತದೆ. ನೇರ ಬಿಸಿಲೂ ಬೇಡ. ಮೇಲ್ಪದರ ಬೇಗ ಒಣಗಿ ಅಡಿಯಲ್ಲಿ ಗುಳ್ಳೆ ಏಳುತ್ತದೆ. ಕೊಟ್ಟಿಗೆಯ ಹಿಂದೆಯೋ ಜಗಲಿಯ ಮೂಲೆಯೋ ಗಾಳಿ ಆಡುವ ನೆರಳಿದ್ದರೆ ಸಾಕು.

ಟ್ರಂಕನ್ನು ಹೊರಗೆ ತಂದು, ಮುಚ್ಚಳ ತೆರೆದು, ತಳವನ್ನು ಬೆಳಕಿಗೆ ಹಿಡಿದು ಒಳಗಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡಲ್ಲೆಲ್ಲ ತುಕ್ಕು ಆರುಪಾರು ತಿಂದಿದೆ ಅಂತ ಅರ್ಥ. ಸಾಮಾನ್ಯವಾಗಿ ತಳದ ನಾಲ್ಕು ಮೂಲೆಗಳಲ್ಲೇ ಜಾಸ್ತಿ. ಆ ಜಾಗಕ್ಕೆ ಚಾಕ್ ಗುರುತು ಹಾಕಿ. ತಂತಿ ಬ್ರಷ್‌ನಿಂದ ಸಡಿಲ ತುಕ್ಕು ಉದುರಿಸಿದ ಮೇಲೆ ಅಲ್ಲಿಗೆ ಎಂ-ಸೀಲ್ (ತೂತು ಮುಚ್ಚುವ ಅಂಟುಮುದ್ದೆ) ಕಲಸಿ ಒತ್ತಬಹುದು. ಈ ಟ್ರಂಕಿನಲ್ಲಿ ಯಾವತ್ತಾದರೂ ಮೈಲುತುತ್ತು (ಅಡಿಕೆಗೆ ಹೊಡೆಯುವ ಮದ್ದಿನ ನೀಲಿ ಹರಳು) ಇಟ್ಟಿದ್ದರಾ ಅಂತ ಮನೆಯ ಹಿರಿಯರನ್ನು ಕೇಳಿ. ತೋಟ ಇರುವ ಮನೆಗಳಲ್ಲಿ ಇಟ್ಟಿರುವ ಸಂಭವ ಇದ್ದೇ ಇದೆ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ನೀಲಿ ಕಲೆ ಉಳಿದಲ್ಲಿ ಬಣ್ಣ ಹಚ್ಚಿದರೆ ಅಡಿಯಿಂದ ಮತ್ತೆ ತುಕ್ಕು ಎದ್ದು ಪದರ ಬಿಡುತ್ತದೆ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿಯೇ ಮುಂದಿನ ಕೆಲಸ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಕಡಲು ಹತ್ತಿರ ಇರುವವರಿಗೂ ಇದೇ ಮಾತು, ಅಲ್ಲಿ ಉಪ್ಪುಗಾಳಿಯ ಕಾಟ.

ತೊಳೆದು ಒಣಗಿದ ಮೇಲೆ 80 ನಂಬರಿನ ಸ್ಯಾಂಡ್ ಪೇಪರ್, ಆಮೇಲೆ 180. ನಂಬರ್ ಹೆಚ್ಚಾದಷ್ಟು ಕಾಗದ ನಯ. ಎಲ್ಲ ಬಣ್ಣ ಕಿತ್ತು ಬರಿಯ ತಗಡು ಕಾಣಿಸಬೇಕು ಅಂತೇನಿಲ್ಲ. ಗಟ್ಟಿಯಾಗಿ ಕೂತ ಹಳೇ ಬಣ್ಣದ ಹೊಳಪು ಹೋಗಿ ಮೈ ತರಿಯಾದರೆ ಸಾಕು. ಆದರೆ ಉಜ್ಜಿದ ದಿನವೇ ರೆಡ್ ಆಕ್ಸೈಡ್ (ಎನಾಮಲ್‌ಗೆ ಮೊದಲು ಹಚ್ಚುವ, ತುಕ್ಕು ತಡೆಯುವ ಪ್ರೈಮರ್) ಹಚ್ಚಿ ಮುಗಿಸಿ. ನಾಳೆ ನೋಡೋಣ ಅಂತ ಬಿಟ್ಟರೆ ಬೆಳಿಗ್ಗೆ ಎದ್ದು ನೋಡುವಾಗ ಬರಿಯ ತಗಡಿನ ಮೇಲೆ ಕಿತ್ತಳೆ ಪುಡಿ ಎದ್ದಿರುತ್ತದೆ.

ಎಷ್ಟು ಪೇಂಟ್ ಬೇಕು? ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ರಂಕಿನ ಹೊರಮೈ ಸುಮಾರು 22 ಚದರ ಅಡಿ. ಒಂದು ಲೀಟರ್ ಎನಾಮಲ್ ಒಂದು ಕೋಟ್‌ಗೆ (ಒಂದು ಪದರಕ್ಕೆ) ನೂರು ಚದರ ಅಡಿಯಷ್ಟು ಬರುತ್ತದೆ. ಎರಡು ಕೋಟ್‌ಗೆ ಅರ್ಧ ಲೀಟರ್ ಸಾಕು. ಅಂಗಡಿಯವರು ಲೀಟರ್ ಡಬ್ಬವೇ ಲಾಭ ಅನ್ನುತ್ತಾರೆ. ಉಳಿದದ್ದು ಮುಂದಿನ ವರ್ಷಕ್ಕೆ ಡಬ್ಬದಲ್ಲೇ ಕೆನೆಗಟ್ಟಿರುತ್ತದೆ, ಅರ್ಧ ಲೀಟರೇ ತನ್ನಿ. ಹಚ್ಚುವಾಗ ಡಬ್ಬದಿಂದ ನೇರ ಅದ್ದಬೇಡಿ. ಒಂದು ಗೆರಟೆಯಲ್ಲಿ ಸ್ವಲ್ಪ ಸ್ವಲ್ಪ ಹಾಕಿಕೊಳ್ಳಿ. ಡಬ್ಬಕ್ಕೆ ಕಸ ಬೀಳುವುದಿಲ್ಲ, ಕೆಲಸ ಮುಗಿದ ಮೇಲೆ ಗೆರಟೆ ಬಿಸಾಡಿದರಾಯ್ತು. ಒಂದೇ ಸಲ ದಪ್ಪ ಹಚ್ಚಿದರೆ ಬಣ್ಣ ಸುಕ್ಕು ಹಿಡಿಯುತ್ತದೆ. ತೆಳುವಾಗಿ ಒಂದು, ಮಾರನೇ ದಿನ ಇನ್ನೊಂದು. ಬ್ರಷ್ ತೊಳೆಯಲು ಚಿಮಿಣಿ ಎಣ್ಣೆ (ಸೀಮೆಎಣ್ಣೆ) ಸಾಕು.

ಮುಚ್ಚಳದ ಮೇಲೆ ಅಜ್ಜನ ಹೆಸರು, ಊರು ಬರೆದಿದ್ದರೆ ಅದಕ್ಕೆ ಮಾತ್ರ ಬಣ್ಣ ಬಳಿಯಬೇಡಿ. ಸುತ್ತ ಚೌಕಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಆ ಜಾಗ ಹಾಗೆಯೇ ಬಿಡಿ. ಉಳಿದದ್ದಕ್ಕೆ ಕಡು ಹಸಿರು ಹೊಡೆದು ಕಾವಿ ನೆಲದ ಮೇಲೆ ಇಟ್ಟು ನೋಡಿ, ಬಿಳಿಯ ನೆನಪೇ ಆಗುವುದಿಲ್ಲ.

ಇನ್ನು ಮರದ ಪೆಟ್ಟಿಗೆ. ವಿಡಿಯೋದವರು ಬಿಳಿ ಹಚ್ಚುವುದು ಹೆಚ್ಚಾಗಿ ಪೈನ್ ಮರಕ್ಕೋ ಪ್ಲೈವುಡ್‌ಗೋ. ಅವರು ಹೇಳುವ ಚಾಕ್ ಪೇಂಟ್ 1990ರಲ್ಲಿ ಇಂಗ್ಲೆಂಡಿನ ಆನಿ ಸ್ಲೋನ್ ಮಾಡಿದ್ದು. ಉಜ್ಜದೆ ನೇರ ಹಚ್ಚಬಹುದು ಅನ್ನುವುದೇ ಅದರ ಆಕರ್ಷಣೆ. ನಮ್ಮ ಕಡೆಯ ಪೆಟ್ಟಿಗೆ, ಪತ್ತಾಯಗಳು (ಧಾನ್ಯ ತುಂಬಿಡುವ ದೊಡ್ಡ ಪೆಟ್ಟಿಗೆಗಳು) ಬಹುಪಾಲು ಹಲಸು, ಬೋಗಿ, ತೇಗದವು. ಹಲಸಿನ ಮರ ಕೊಯ್ದಾಗ ಹಳದಿ, ವರ್ಷ ಕಳೆದಂತೆ ಕೆಂಪು ಕಂದು ಆಗುತ್ತದೆ. ಆ ಬಣ್ಣ ಬರಲು ಎರಡು ತಲೆಮಾರು ಬೇಕು, ಅದನ್ನು ಮುಚ್ಚಲು ಒಂದು ಮಧ್ಯಾಹ್ನ ಸಾಕು. ನನಗಂತೂ ಹೊಟ್ಟೆ ಉರಿಯುತ್ತದೆ!

ಬೇಡ ಅನ್ನಲು ಇನ್ನೊಂದು ಕಾರಣವೂ ಇದೆ. ಹಲಸಿನ ತಿರುಳಿನಲ್ಲಿ ನಿಜವಾಗಿಯೇ ಬಣ್ಣ ಇದೆ, ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕಲು ಅದನ್ನು ಬಳಸುತ್ತಿದ್ದರು. ಅದರ ಮೇಲೆ ನೀರಿನ ಬಿಳಿ ಪೇಂಟ್ ಹಚ್ಚಿದರೆ ಹಳದಿ ಕಲೆ ಮೇಲೆದ್ದು ಬರುತ್ತದೆ. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಕುಡಿದ ಮರ ಆದರಂತೂ ಕಂದು ಕಲೆ. ಒರಲೆ ಬಾರದಿರಲಿ ಅಂತ ಹಿಂದಿನವರು ಮಾಡಿನ ಪಕ್ಕಾಸಿಗೆಲ್ಲ ಗೇರೆಣ್ಣೆ ಬಳಿಯುತ್ತಿದ್ದರಲ್ಲ, ಪೆಟ್ಟಿಗೆಯ ತಳಕ್ಕೂ ಬಳಿದಿರಬಹುದು.

ಹಾಗಾದರೆ ಏನು ಮಾಡುವುದು? ಬಟ್ಟೆಗೆ ಸೋಪಿನ ನೀರು ಹಚ್ಚಿ, ಹಿಂಡಿ, ಹೊಗೆಯ ಜಿಡ್ಡನ್ನೂ ಬೂಷ್ಟನ್ನೂ ಒರೆಸಿ. ಸರಿಯಾಗಿ ಒಣಗಲಿ. ಸಣ್ಣ ತೂತುಗಳಿಂದ ಹಿಟ್ಟು ಉದುರುತ್ತಿದ್ದರೆ ಕುಟ್ಟೆ (ಮರ ಕೊರೆಯುವ ಹುಳ) ಇನ್ನೂ ಒಳಗಿದೆ, ಮೊದಲು ಅದಕ್ಕೆ ಮದ್ದು ಮಾಡಿಸಿ. 220ರ ಕಾಗದದಲ್ಲಿ ಮರದ ಎಳೆ ಹೋದ ಕಡೆಗೇ ಹಗುರವಾಗಿ ಉಜ್ಜಿ. ಆಮೇಲೆ ಪಾಲಿಶ್. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡುವ ಫ್ರೆಂಚ್ ಪಾಲಿಶ್ ನೋಡಲು ಬಹಳ ಚೆಂದ, ಆದರೆ ಪಸೆ ತಾಗಿದರೆ ಬೆಳ್ಳಗಾಗುತ್ತದೆ. ಒಳಕೋಣೆಯಲ್ಲಿ ಇಡುವುದಾದರೆ ಸರಿ. ಜಗಲಿಗಾದರೆ ಹೊಳಪಿಲ್ಲದ ಪಿಯು (ಪಾಲಿಯುರಿಥೇನ್) ಪಾಲಿಶ್ ಕೇಳಿ ತನ್ನಿ. ಹಿತ್ತಾಳೆಯ ಚಿಲಕ, ಪಟ್ಟಿ ಇದ್ದರೆ ಅದಕ್ಕೆ ಪಾಲಿಶ್ ತಾಗಿಸಬೇಡಿ, ಹುಣಸೆಹುಳಿ ಹಾಕಿ ತಿಕ್ಕಿ. ಮರದ ಮೇಲೆ ಈಗಾಗಲೇ ಯಾರೋ ಆಯಿಲ್ ಪೇಂಟ್ ಬಳಿದಿದ್ದಾರೆ ಅಂತಾದರೆ ಮಾತು ಬೇರೆ. ಆಗ ಹಚ್ಚಿ, ನನ್ನ ತಕರಾರಿಲ್ಲ.

ತೊಟ್ಟಿಲಿನ ವಿಷಯಕ್ಕೆ ಸ್ವಲ್ಪ ಗಂಭೀರವಾಗಿಯೇ ಹೇಳುತ್ತೇನೆ. ಹಳೇ ಕಾಲದ ಪೇಂಟ್‌ಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಎನಾಮಲ್‌ಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೆ ಮೊದಲಿನ ಬಣ್ಣದಲ್ಲಿ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡುವುದು ಕ್ಷೇಮ. ಒಣ ಕಾಗದದಲ್ಲಿ ಉಜ್ಜಲೇಬೇಡಿ, ಆ ಪುಡಿ ಮಕ್ಕಳ ಮಿದುಳಿಗೆ ಹಾನಿ. ವಾಟರ್ ಪೇಪರ್ ತಂದು ನೀರು ಹಾಕುತ್ತಾ ಉಜ್ಜಿ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ, ಕೆಳಗೆ ಪ್ಲಾಸ್ಟಿಕ್ ಹಾಸಿ. ಮಕ್ಕಳನ್ನೂ ಬಸುರಿಯರನ್ನೂ ಆ ಕಡೆ ಬಿಡಬೇಡಿ. ಬಂದ ಕೆಸರನ್ನು ತೋಟದ ಕಣಿಗೋ ಬಾವಿಯ ಹತ್ತಿರವೋ ಚೆಲ್ಲಬೇಡಿ. ಮಗು ಮಲಗಿಸುವ ಯೋಚನೆ ಇದ್ದರೆ ಹಳೇ ಬಣ್ಣವನ್ನು ಅನುಭವ ಇರುವವರಿಂದ ಪೂರ್ತಿ ತೆಗೆಸಿ. ಮೇಲಿಂದ ಹೊಸ ಬಣ್ಣ ಹೊಡೆದು ಮುಚ್ಚಿದರೆ ಸಾಲದು, ಹಲ್ಲು ಬರುವ ಮಗು ತೊಟ್ಟಿಲಿನ ಅಂಚನ್ನೇ ಕಚ್ಚುತ್ತದೆ. ಸುಮ್ನೆ ಅಲಂಕಾರಕ್ಕಾದರೆ, ಹಳೇ ಬಣ್ಣ ಹಪ್ಪಳೆ ಏಳದೆ ಗಟ್ಟಿಯಾಗಿದ್ದರೆ, ಉಜ್ಜುವ ಗೋಜಿಗೇ ಹೋಗದೆ ಒರೆಸಿ ಇಟ್ಟುಬಿಡಿ.

ಹೆಂಚಿನ ಮೇಲೆ ಚಿತ್ರ ಬಿಡಿಸುವುದಾದರೆ ಅಕ್ರಿಲಿಕ್ ಬಣ್ಣ ಸಾಕು. ಪಾಚಿ ತಿಕ್ಕಿ ತೆಗೆದು ಕೆಲವು ದಿನ ಬಿಸಿಲಿಗಿಡಿ. ಮಣ್ಣು ನೀರು ಕುಡಿದಿರುತ್ತದೆ, ಒಣಗಲು ಸಮಯ ಬೇಕು. ಮೊದಲು ನೀರು ಬೆರೆಸಿದ ತೆಳು ಎಮಲ್ಷನ್ ಒಂದು ಕೈ. ಅದಕ್ಕಿಂತ ಮುಂಚೆ ಹೆಂಚಿನ ಹಿಂಬದಿ ತಿರುಗಿಸಿ ನೋಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದು ಹೋದವು. ಅವುಗಳ ಹೆಸರಿನ ಮುದ್ರೆ ಅಲ್ಲಿ ಇರುತ್ತದೆ. ಮುದ್ರೆ ಸ್ಪಷ್ಟವಾಗಿರುವ ಹೆಂಚಿಗೆ ಬಣ್ಣ ಬೇಡ, ಮುದ್ರೆ ಕಾಣುವ ಹಾಗೆಯೇ ಗೋಡೆಗೆ ತೂಗುಹಾಕಿ.

ಪ್ಲಾಸ್ಟಿಕ್ ಕುರ್ಚಿಯ ಆಸೆ ಬಿಡಿ. ಆ ಪ್ಲಾಸ್ಟಿಕ್‌ಗೆ ಸಾಮಾನ್ಯ ಪೇಂಟ್ ಹಿಡಿಯುವುದಿಲ್ಲ, ಕೂತು ಎದ್ದಾಗ ಪ್ಯಾಂಟಿಗೆ ಅಂಟಿಕೊಂಡು ಬರುತ್ತದೆ. ಪ್ಲಾಸ್ಟಿಕ್‌ಗೆಂದೇ ಇರುವ ಪ್ರೈಮರ್, ಸ್ಪ್ರೇ ಎಲ್ಲ ಸೇರಿಸಿದರೆ ಹೊಸ ಕುರ್ಚಿಯ ಬೆಲೆಯ ಹತ್ತಿರ ಹೋಗುತ್ತದೆ.

ಜೂನ್ ರಜೆಯಲ್ಲಿ ಬಂದಾಗ ತೊಳೆಯುವುದು, ಒರೆಸುವುದು, ಹಿಂಜು, ಚಿಲಕ ರಿಪೇರಿ ಇಷ್ಟು ಮಾಡಿಕೊಳ್ಳಿ. ಟ್ರಂಕನ್ನು ಈಗ ಉಜ್ಜಬೇಡಿ. ಪೆಟ್ಟಿಗೆಯ ಒಳಮೈ ಮತ್ತು ತಳದ ಫೋಟೊ ಹಗಲು ಬೆಳಕಿನಲ್ಲಿ ತೆಗೆದು ಇಲ್ಲಿ ಹಾಕಿದರೆ ಹಲಸೋ ತೇಗವೋ ನೋಡೋಣ, ಆಮೇಲೆ ಪಾಲಿಶ್ ತರಬಹುದು.